ಆಲ್ಬಮ್ ಬಿಚ್ಚುವ ಮುನ್ನ: ಮನೆಯ ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡುವ ಕ್ರಮ

ಹಳೇ ಫೋಟೋಗಳನ್ನು ಕಂಪ್ಯೂಟರಿಗೆ ಏರಿಸಬೇಕು ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಸ್ಕ್ಯಾನರ್ ಕೊಳ್ಳುತ್ತಾರೆ, ಆಮೇಲೆ ಫೋಟೋಗಳನ್ನೆಲ್ಲ ಆಲ್ಬಮ್ಮಿನಿಂದ ಕಿತ್ತು ಗುಡ್ಡೆ ಹಾಕುತ್ತಾರೆ, ಕೊನೆಗೆ ‘ಇವರು ಯಾರು’ ಎಂದು ಕೇಳಲು ಹಿರಿಯರ ಬಳಿ ಹೋಗುತ್ತಾರೆ. ಕ್ರಮ ಪೂರ್ತಿ ತಿರುಗುಮುರುಗು. ಸ್ಕ್ಯಾನರ್ ಮುಂದಿನ ವರ್ಷವೂ ಅಂಗಡಿಯಲ್ಲಿರುತ್ತದೆ. ಎರಡನೇ ಸಾಲಿನಲ್ಲಿ ಕಣ್ಣು ಮುಚ್ಚಿ ನಿಂತ ಹುಡುಗ ಯಾರೆಂದು ಬಲ್ಲ ಅಜ್ಜಿಗೆ ಮುಂದಿನ ವರ್ಷ ಅದು ನೆನಪಿರುತ್ತದೆ ಎನ್ನುವ ಖಾತ್ರಿ ಇಲ್ಲ.

ಹಾಗಾಗಿ ಮೊದಲ ದಿನದ ಕೆಲಸಕ್ಕೆ ಮೊಬೈಲ್ ಸಾಕು. ಆಲ್ಬಮ್ಮನ್ನು ಕಿಟಕಿಯ ಪಕ್ಕ ಬಿಡಿಸಿಟ್ಟು, ರಟ್ಟಿನಿಂದ ರಟ್ಟಿನವರೆಗೆ ಪ್ರತಿ ಪುಟದ ಪೂರ್ತಿ ಚಿತ್ರ ತೆಗೆಯಿರಿ. ಖಾಲಿ ಜಾಗ, ಉದುರಿಹೋದ ಫೋಟೋದ ಅಂಟಿನ ಗುರುತು, ಪಕ್ಕದಲ್ಲಿ ಗೀಚಿದ ಅಕ್ಷರ, ಯಾವುದನ್ನೂ ಬಿಡಬೇಡಿ. ಯಾವ ಫೋಟೋದ ಪಕ್ಕ ಯಾವುದು ಇತ್ತು ಎಂಬುದೇ ಎಷ್ಟೋ ಸಲ ವರ್ಷ ಹೇಳುತ್ತದೆ. ಒಮ್ಮೆ ಬಿಚ್ಚಿದರೆ ಆ ಸುಳಿವು ಹೋಯಿತು.

ಈ ಚಿತ್ರಗಳನ್ನು ಟ್ಯಾಬ್ ಅಥವಾ ಟಿವಿಯಲ್ಲಿ ದೊಡ್ಡದಾಗಿ ತೋರಿಸುತ್ತ ಹಿರಿಯರ ಜೊತೆ ಕೂರಿ. ಫೋನಿನ ವಾಯ್ಸ್ ರೆಕಾರ್ಡರ್ ಚಾಲೂ ಇರಲಿ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು, ಆಮೇಲೆ ದಣಿವಾಗಿ ಹೆಸರುಗಳು ಕಲಸಿಹೋಗುತ್ತವೆ. ಪ್ರತಿ ಫೋಟೋಗೆ ಮುಂಚೆ ಪುಟದ ಸಂಖ್ಯೆ ಜೋರಾಗಿ ಹೇಳಿ, ಇಲ್ಲದಿದ್ದರೆ ರೆಕಾರ್ಡಿಂಗಿನಲ್ಲಿ ‘ಇವನು, ಅವಳು, ಪಕ್ಕದಲ್ಲಿರೋನು’ ಮಾತ್ರ ಉಳಿಯುತ್ತದೆ. ಗುಂಪು ಫೋಟೋದಲ್ಲಿ ಹಿಂದಿನ ಸಾಲಿನಿಂದ ಶುರುಮಾಡಿ, ಎಡದಿಂದ ಬಲಕ್ಕೆ, ತಲೆಗೊಂದು ನಂಬರ್.

ಬರೆದುಕೊಳ್ಳುವಾಗ ಸಂಬಂಧವನ್ನಷ್ಟೇ ಬರೆದರೆ ಕೆಲಸ ಕೆಟ್ಟಂತೆ. ‘ದೊಡ್ಡತ್ತೆ’ ಎಂದರೆ ಯಾರ ದೊಡ್ಡತ್ತೆ? ಹೇಳಿದವರಿಗೆ ಅತ್ತೆಯಾದವರು ನಿಮಗೆ ಅಜ್ಜಿ, ನಿಮ್ಮ ಮಗಳಿಗೆ ಮುತ್ತಜ್ಜಿ. ಹೆಸರು, ಊರು, ತವರುಮನೆ, ಗಂಡನ ಅಥವಾ ತಂದೆಯ ಹೆಸರು, ಮಲೆನಾಡು–ಕರಾವಳಿಯವರಾದರೆ ಮನೆತನದ ಹೆಸರು, ಇಷ್ಟೂ ಇರಲಿ. ಮದುವೆಯಾದಾಗ ಹೆಸರು ಬದಲಿಸಿದ್ದರೆ ಎರಡೂ ಬೇಕು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಹುಟ್ಟಿದ ಇಸವಿ, ಅಂದಾಜಿನದ್ದಾದರೂ ಸರಿ, ಸೇರಿಸದೆ ಗತಿಯಿಲ್ಲ.

ಇಸವಿ ಯಾರಿಗೂ ನೆನಪಿಲ್ಲದಿದ್ದಾಗ ಫೋಟೋವನ್ನೇ ಕೇಳಬೇಕು. ಮೊದಲು ಹಿಂಬದಿ ನೋಡಿ. ಸ್ಟುಡಿಯೋದ ಮೊಹರಿನ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು, ಪಿನ್ ಶುರುವಾದದ್ದೇ ಅಂದು. ಹಿನ್ನೆಲೆಯ ಸರ್ಕಾರಿ ಬೋರ್ಡಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ, ಅದನ್ನು ಬರೆಸಿದ್ದು 1973ರ ನವೆಂಬರ್ 1ಕ್ಕೆ ಮುಂಚೆ. ಆದರೆ ಹಳೇ ಬೋರ್ಡು ಅಳಿಸದೆ ಎಷ್ಟೋ ಕಾಲ ಹಾಗೇ ನಿಂತಿರಬಹುದು, ಆದ್ದರಿಂದ ಇದನ್ನೊಂದೇ ನಂಬಬೇಡಿ. ಲಗ್ನಪತ್ರಿಕೆ ಸಿಕ್ಕರೆ ಇನ್ನೂ ಒಳ್ಳೆಯದು. ಇಸವಿ ಹಾಕದ ಪತ್ರಿಕೆಯಲ್ಲೂ ಸಾಮಾನ್ಯವಾಗಿ ಸಂವತ್ಸರ ಇರುತ್ತದೆ. ‘ಆನಂದ ಸಂವತ್ಸರದ ವೈಶಾಖ ಶುದ್ಧ’ ಎಂದರೆ 1974ರ ಏಪ್ರಿಲ್ ಕೊನೆ, ಇಲ್ಲವೇ ಮೇ ಮೊದಲ ವಾರ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುವುದರಿಂದ 1914ರಲ್ಲೂ ಆನಂದವೇ ಇತ್ತು, ಆದರೆ ಮದುಮಗ ಬೆಲ್‌ಬಾಟಮ್ ತೊಟ್ಟಿದ್ದರೆ ಗೊಂದಲಕ್ಕೆ ಜಾಗವಿಲ್ಲ.

ಬಿಚ್ಚುವುದು, ಬಿಚ್ಚದೇ ಇರುವುದು

ಕಪ್ಪು ಹಾಳೆಯ ಆಲ್ಬಮ್ ಸುಲಭ. ನಾಲ್ಕು ಮೂಲೆಯ ಕಾರ್ನರ್‌ಗಳಲ್ಲಿ ಎರಡರಿಂದ ಬಿಡಿಸಿದರೆ ಫೋಟೋ ಜಾರಿ ಬರುತ್ತದೆ. ಮೈದಾ ಅಂಟಿನಲ್ಲಿ ಅಂಟಿಸಿದ್ದರೆ ಎಬ್ಬಿಸಲು ಹೋಗಬೇಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ. ನೀರು ಮುಟ್ಟಿಸಿದರೆ ಫೋಟೋದ ಮೇಲ್ಪದರ ಉಬ್ಬಿ ಹಾಳೆಗೇ ಹತ್ತಿಕೊಳ್ಳುತ್ತದೆ.

ತಲೆನೋವಿನದ್ದು ಅಂಟುಪುಟದ ಆಲ್ಬಮ್. ದಪ್ಪ ರಟ್ಟಿನ ಮೇಲೆ ಅಂಟಿನ ಗೆರೆಗಳು, ಮೇಲೊಂದು ಪ್ಲಾಸ್ಟಿಕ್ ಹಾಳೆ. 70–80ರ ದಶಕದ ಮದುವೆ, ನಾಮಕರಣದ ಫೋಟೋಗಳೆಲ್ಲ ಇದರಲ್ಲೇ ಸಿಕ್ಕಿಬಿದ್ದಿರುತ್ತವೆ. ಮೂಲೆ ಹಿಡಿದು ಎಳೆದರೆ ಫೋಟೋ ಸುರುಳಿಯಾಗಿ ಮಡಿದು ಅಡ್ಡಕ್ಕೆ ಬಿಳಿ ಬಿರುಕು ಬೀಳುತ್ತದೆ, ಆ ಬಿರುಕು ಮತ್ತೆ ಹೋಗುವುದಿಲ್ಲ. ಮೇಣ ಹಚ್ಚದ ಡೆಂಟಲ್ ಫ್ಲಾಸ್ ಒಂದಡಿ ತುಂಡು ಮಾಡಿ, ಎರಡೂ ತುದಿ ಬೆರಳಿಗೆ ಸುತ್ತಿ, ಫೋಟೋದ ಮೂಲೆಯ ಕೆಳಗೆ ತೂರಿಸಿ, ರಟ್ಟಿಗೆ ಒತ್ತಿ ಹಿಡಿದು ಗರಗಸದ ಹಾಗೆ ಮೆಲ್ಲಗೆ ಆಚೀಚೆ ಎಳೆಯಿರಿ. ಬಾಗಬೇಕಾದ್ದು ರಟ್ಟು, ಫೋಟೋ ಅಲ್ಲ. ದಾರ ತಡೆದರೆ ಅಲ್ಲಿಗೆ ಬಿಟ್ಟು ಎದುರು ಮೂಲೆಯಿಂದ ಪ್ರಯತ್ನಿಸಿ. ಎರಡೂ ಕಡೆ ತಡೆದರೆ ಬಿಟ್ಟುಬಿಡಿ, ಪ್ಲಾಸ್ಟಿಕ್ ಹಾಳೆಯನ್ನಷ್ಟೇ ಸರಿಸಿ ಪುಟದ ಮೇಲೇ ಸ್ಕ್ಯಾನ್ ಆಗಲಿ. ಹೇರ್ ಡ್ರೈಯರ್ ಬಿಸಿಗೆ ಅಂಟು ಕರಗಿ ಫೋಟೋದೊಳಗೆ ಇಳಿಯುವ ಅಪಾಯವೇ ಹೆಚ್ಚು.

ಗೋಡೆಗೆ ತೂಗುಹಾಕಿದ ಫೋಟೋಗಳದ್ದು ಬೇರೆ ಕಥೆ. ಗಾಜಿನ ಮೇಲೆ ವರ್ಷಗಟ್ಟಲೆ ಇಟ್ಟ ಗಂಧ, ಕುಂಕುಮದ ಪದರ ಇರುತ್ತದೆ. ಹಿಂಡಿದ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಅಂಚಿಗೆ ಅರ್ಧ ಇಂಚು ಮೊದಲೇ ನಿಲ್ಲಿಸಿ. ಚೌಕಟ್ಟಿನ ಸಂದಿಗೆ ಇಳಿದ ಒಂದು ತೊಟ್ಟು ನೀರು ಗಾಜಿಗೂ ಫೋಟೋಕ್ಕೂ ಅಂಟು ಹಾಕುತ್ತದೆ. ಈಗಾಗಲೇ ಗಾಜಿಗೆ ಅಂಟಿ ಹೊಳಪು ತೇಪೆಗಳು ಕಾಣುತ್ತಿದ್ದರೆ ಚೌಕಟ್ಟು ಬಿಚ್ಚಲೇಬೇಡಿ, ಗಾಜಿನ ಮೇಲಿಂದಲೇ ಚಿತ್ರ ತೆಗೆಯಿರಿ. ಬಿಚ್ಚುವುದೇ ಆದರೆ, ಹಿಂಬದಿಗೆ ತುರುಕಿದ ಹಳೇ ಪತ್ರಿಕೆಯ ತುಂಡನ್ನು ಎಸೆಯಬೇಡಿ. ಕಟ್ಟು ಹಾಕಿಸಿದ ವರ್ಷದ ಸುಳಿವು ಅದರಲ್ಲಿರಬಹುದು.

ಬೂಷ್ಟು ಹಿಡಿದ ಫೋಟೋಗಳನ್ನು ಮಳೆಗಾಲದಲ್ಲಿ ಮುಟ್ಟಬೇಡಿ. ಮಲೆನಾಡು, ಕರಾವಳಿಯಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಈ ಕೆಲಸಕ್ಕೆ ಸರಿಯಾದ ಕಾಲ. ಬಿಸಿಲಿಗಲ್ಲ, ನೆರಳಿನಲ್ಲಿ ಗಾಳಿಯಾಡುವಂತೆ ಎರಡು ದಿನ ಹರವಿ, ಬೂಷ್ಟು ಪುಡಿಯಾದ ಮೇಲೆ ಮುಖಕ್ಕೆ ಮಾಸ್ಕ್ ಹಾಕಿ, ಹೊರಗೆ ಜಗಲಿಯಲ್ಲಿ ಮೆತ್ತನೆಯ ಬ್ರಷ್ಷಿನಿಂದ ಜಾಡಿಸಿ. ಹಸಿ ಬೂಷ್ಟನ್ನು ಒರೆಸಿದರೆ ಅದು ಫೋಟೋದೊಳಕ್ಕೇ ತಿಕ್ಕಿಕೊಳ್ಳುತ್ತದೆ.

ಸ್ಕ್ಯಾನರ್ ಮತ್ತು ಸೆಟ್ಟಿಂಗ್

ಆಲ್ಬಮ್ ಪ್ರಿಂಟುಗಳಿಗೆ ಕ್ಯಾನನ್ ಲೈಡ್ 300ರಂಥ, ಗಾಜಿನ ಮೇಲೆ ಫೋಟೋ ಮಗುಚಿಟ್ಟು ತೆಗೆಯುವ ತೆಳು ಫ್ಲಾಟ್‌ಬೆಡ್ ಸಾಕು. ಒಂದು ಮಿತಿ ಗೊತ್ತಿರಲಿ: ಇವುಗಳಿಗೆ ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಸುರುಟಿಕೊಂಡ ಫೋಟೋ, ದಪ್ಪ ಕಟ್ಟಿನ ಆಲ್ಬಮ್ಮಿನ ಮಡಿಕೆ ಮಬ್ಬಾಗುತ್ತವೆ. ನೆಗೆಟಿವ್ ಇದ್ದರೆ ಎಪ್ಸನ್ ವಿ600ರ ತರಹ ಮುಚ್ಚಳದಲ್ಲಿ ಬೆಳಕಿರುವ ಸ್ಕ್ಯಾನರ್ ಬೇಕು. ನೆಗೆಟಿವ್ ಚೆನ್ನಾಗಿದ್ದರೆ ಪ್ರಿಂಟಿಗಿಂತ ಅದನ್ನೇ ಸ್ಕ್ಯಾನ್ ಮಾಡುವುದು ಮೇಲು: 35 ಎಂಎಂ ಫಿಲ್ಮಿಗೆ 2400ರಿಂದ 3200 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ). ಕಪ್ಪು-ಬಿಳುಪು ನೆಗೆಟಿವ್‌ಗೆ ‘ಡಿಜಿಟಲ್ ಐಸ್’ ಧೂಳು ತೆಗೆಯುವ ಆಯ್ಕೆ ಬಂದ್ ಮಾಡಿ; ಅದರ ಇನ್‌ಫ್ರಾರೆಡ್ ಬೆಳಕನ್ನು ಬೆಳ್ಳಿಯ ಕಣಗಳು ತಡೆಯುವುದರಿಂದ ಅದು ಚಿತ್ರವನ್ನೇ ಧೂಳೆಂದು ತಿಳಿದು ಅಳಿಸುತ್ತದೆ.

ಸಾಮಾನ್ಯ ಪ್ರಿಂಟಿಗೆ 600 ಡಿಪಿಐ, ಪಾಸ್‌ಪೋರ್ಟ್ ಅಳತೆಯವಕ್ಕೆ 1200, ಪತ್ರ–ಪ್ರಮಾಣಪತ್ರಗಳಿಗೆ 300 ಸಾಕು. ಪೆಟ್ಟಿಗೆಯ ಮೇಲೆ ಬರೆದ ಸಾವಿರಾರು ಡಿಪಿಐ ಪ್ರಿಂಟಿನಲ್ಲಿ ಇಲ್ಲದ ವಿವರವನ್ನು ತಂದುಕೊಡುವುದಿಲ್ಲ, ಡಿಸ್ಕ್ ತುಂಬಿಸುತ್ತದೆ ಅಷ್ಟೆ. ಕಪ್ಪು-ಬಿಳುಪನ್ನೂ ಕಲರ್ ಮೋಡಿನಲ್ಲೇ ತೆಗೆಯಿರಿ. ಕಂದು ಛಾಯೆ, ಕಲೆ, ಶಾಯಿಯ ಬಣ್ಣ ಉಳಿಯುತ್ತವೆ, ಮುಂದೆ ಕಲೆ ತೆಗೆಯಲೂ ಅದೇ ನೆರವು. ಆಟೋ ಕಲರ್, ಶಾರ್ಪನ್, ಧೂಳು ತೆಗೆಯುವ ಆಯ್ಕೆ ಮೂರೂ ಬಂದ್ ಇರಲಿ. 4×6 ಇಂಚಿನ ಫೋಟೋ 600 ಡಿಪಿಐಗೆ 2400×3600 ಪಿಕ್ಸೆಲ್, ಗುಣಮಟ್ಟ ಕುಗ್ಗಿಸದ ಟಿಫ್ ಫೈಲಾಗಿ ಉಳಿಸಿದರೆ ಸುಮಾರು 26 ಎಂಬಿ. 500 ಫೋಟೋಗೆ 13 ಜಿಬಿ, ಹೆದರುವಂಥದ್ದೇನಲ್ಲ. ಹಂಚಲು ಜೆಪೆಗ್ ಪ್ರತಿ ಬೇರೆ ಮಾಡಿಕೊಳ್ಳಿ.

ಗಾಜಿನ ಮೇಲೆ ನಾಲ್ಕು ಫೋಟೋ ಒಟ್ಟಿಗೆ ಇಟ್ಟು ಸಾಫ್ಟ್‌ವೇರಿಗೆ ಕತ್ತರಿಸಲು ಬಿಡಬಹುದು, ನಡುವೆ ಬೆರಳಗಲ ಜಾಗವಿರಲಿ. ಬಿಳಿ ಅಂಚಿನ ಫೋಟೋಗಳಲ್ಲಿ ಅದು ಅಂಚನ್ನೂ ಕತ್ತರಿಸಿಬಿಡುತ್ತದೆ. ಮೇಲೊಂದು ಕಪ್ಪು ಹಾಳೆ ಮುಚ್ಚಿದರೆ ಸರಿಹೋಗುತ್ತದೆ. ಬರಹವಿರುವ ಹಿಂಬದಿಯನ್ನು ಆಗಲೇ ಸ್ಕ್ಯಾನ್ ಮಾಡಿ, ಆಮೇಲೆಂದರೆ ಆಗುವುದಿಲ್ಲ. ಒರೆಸುವುದು, ಹೆಸರಿಡುವುದು ಸೇರಿ ಗಂಟೆಗೆ 25–30 ಫೋಟೋ ಆದರೆ ಒಳ್ಳೆಯ ವೇಗ.

ಅಂಟಿಸಿದ ಪತ್ರಿಕಾ ತುಣುಕುಗಳ ಪುಸ್ತಕವಿದ್ದರೆ ಇನ್ನೊಂದು ತೊಂದರೆ: ಅಚ್ಚಾದ ಫೋಟೋದ ಚುಕ್ಕಿಗಳು ಸ್ಕ್ಯಾನಿನಲ್ಲಿ ಅಲೆ ಅಲೆಯಾಗಿ ಕಾಣುತ್ತವೆ. 600ರಲ್ಲಿ ತೆಗೆದು ‘ಡಿಸ್ಕ್ರೀನ್’ ಆಯ್ಕೆ ಹಾಕಿ. ಹಿಂಬದಿಯ ಸುದ್ದಿ ಮುಂದಕ್ಕೆ ಇಣುಕಿದರೆ ಬೆನ್ನಿಗೆ ಕಪ್ಪು ಕಾಗದವೇ ಮದ್ದು.

ಸ್ಕ್ಯಾನರ್ ಇಲ್ಲದವರು ಫೋನಿನಲ್ಲೇ ಮಾಡಬಹುದು. ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ನೇರ ಬಿಸಿಲು ಬೀಳದ ಬೆಳಕಿನಲ್ಲಿ ಫೋನನ್ನು ಫೋಟೋಗೆ ಸಮಾನಾಂತರ ಹಿಡಿದು, ಸ್ವಲ್ಪ ದೂರದಿಂದ 2ಎಕ್ಸ್ ಲೆನ್ಸ್ ಬಳಸಿ, ಹತ್ತಿರ ಹೋದರೆ ಅಂಚು ಸೊಟ್ಟಗಾಗುತ್ತದೆ. ಗಾಜಿನ ಚೌಕಟ್ಟಿನಲ್ಲಿ ನಿಮ್ಮ ಬಿಂಬವೇ ಕಾಣುತ್ತದೆಯಲ್ಲ, ಅದಕ್ಕೆ ಕಪ್ಪು ಬಟ್ಟೆಗೆ ತೂತು ಮಾಡಿ ಅದರಿಂದ ಕ್ಯಾಮೆರಾ ಮಾತ್ರ ಇಣುಕಲಿ.

ಹೆಸರು, ಪ್ರತಿ, ಜಾಗ

ಫೈಲಿನ ಹೆಸರು ಇಸವಿಯಿಂದ ಶುರುವಾಗಲಿ: ‘1974-04-00_ಮದುವೆ_ಪುಟ07_03’. ಗೊತ್ತಿಲ್ಲದ ತಿಂಗಳು, ದಿನಕ್ಕೆ ಸೊನ್ನೆ. ಹಿಂಬದಿಗೆ ಅದೇ ಹೆಸರಿನ ಕೊನೆಗೆ ‘ಹಿಂ’. ಹೆಸರುಗಳ ಪೂರ್ತಿ ಪಟ್ಟಿಯನ್ನು ಡಿಜಿಕ್ಯಾಮ್‌ನಂಥ ಉಚಿತ ತಂತ್ರಾಂಶದಲ್ಲಿ ಫೋಟೋದ ಒಳಗಿನ ಕ್ಯಾಪ್ಷನ್ ಜಾಗಕ್ಕೇ ಬರೆಯಿರಿ, ಆಗ ಫೋಟೋ ಎಲ್ಲಿಗೆ ಹೋದರೂ ಹೆಸರು ಜೊತೆಗಿರುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಆಸ್ಕಿ ಫಾಂಟಿನಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗುತ್ತದೆ.

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಒಳಗೆ ಬರೆದ ಹೆಸರೂ ಹೋಗುತ್ತದೆ; ಡಾಕ್ಯುಮೆಂಟ್ ಆಗಿ ಕಳಿಸಿ. ಎರಡು ಹಾರ್ಡ್ ಡಿಸ್ಕ್, ಒಂದು ಬೇರೆ ಊರಿನ ಅಣ್ಣನ ಅಥವಾ ಅಕ್ಕನ ಮನೆಯಲ್ಲಿ, ಮೂರನೇ ಪ್ರತಿ ಕ್ಲೌಡಿನಲ್ಲಿ. ಪೆನ್‌ಡ್ರೈವ್ ಸಾಗಿಸಲಿಕ್ಕೆ ಸರಿ, ಕಾಪಿಡಲಿಕ್ಕಲ್ಲ. ಕಪ್ಪು-ಬಿಳುಪಿಗೆ ಬಣ್ಣ ತುಂಬುವ ಆ್ಯಪ್ ಬಳಸುವುದಾದರೆ ಅದರ ಫಲಿತ ಬೇರೆ ಫೋಲ್ಡರಿಗೆ ಹೋಗಲಿ. ಅಜ್ಜಿಯ ಸೀರೆ ಯಾವ ಬಣ್ಣದ್ದೆಂದು ಆ್ಯಪ್‌ಗೆ ಗೊತ್ತಿಲ್ಲ, ಊಹಿಸುತ್ತದೆ.

ಸ್ಕ್ಯಾನ್ ಆಯಿತೆಂದು ಮೂಲ ಫೋಟೋ ಎಸೆಯಬೇಡಿ, ಲ್ಯಾಮಿನೇಟ್ ಅಂತೂ ಮಾಡಿಸಲೇಬೇಡಿ. ಆ ಬಿಸಿಗೆ ಹತ್ತಿದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ. ಹಂಚಿನ ಕೆಳಗಿನ ಅಟ್ಟ ಬಿಟ್ಟು ಒಳಕೋಣೆಯ ಬೀರುವಿನ ನಡು ಅಂತಸ್ತಿನಲ್ಲಿಡಿ, ಗೋಡೆಗೆ ತಾಗದಂತೆ.

ಇಷ್ಟಾದರೂ ಹೆಸರು ಸಿಗದ ಮುಖಗಳು ಉಳಿಯುತ್ತವೆ. ಅವನ್ನು ‘ಯಾರೋ’ ಎಂಬ ಫೋಲ್ಡರಿಗೆ ಹಾಕಿ, ಎ4 ಹಾಳೆಗೆ ಆರರಂತೆ ನಂಬರ್ ಕೊಟ್ಟು ಪ್ರಿಂಟ್ ತೆಗೆಸಿ, ಮುಂದಿನ ಮದುವೆಗೋ ತಿಥಿಗೋ ಒಯ್ಯಿರಿ. ಊಟದ ಮೊದಲ ಪಂಕ್ತಿ ಎದ್ದ ಮೇಲೆ, ಎಲೆ ಅಡಿಕೆ ಹಾಕಿಕೊಳ್ಳುತ್ತ ಹಿರಿಯರು ಕೂತಿರುವ ಹೊತ್ತಿಗೆ ಹಾಳೆ, ಒಂದು ಪೆನ್ಸಿಲ್ ಅವರ ನಡುವೆ ಇಟ್ಟುಬಿಡಿ.