ಸೈಲೆಂಟ್ ಮ್ಯುಟೇಶನ್ ಅಷ್ಟು ಸೈಲೆಂಟ್ ಅಲ್ಲ: ಜೆಲ್‌ನಲ್ಲಿ ಸ್ಪ್ಲೈಸಿಂಗ್ ಅಳೆದ ನನ್ನ ಅನುಭವ

ಒಬ್ಬ ರೋಗಿಯ ಜೀನಿನಲ್ಲಿ ಒಂದೇ ಒಂದು ಡಿಎನ್‌ಎ ಅಕ್ಷರ ಬದಲಾಗಿತ್ತು, ಪ್ರೋಟೀನಿನ ಅಮೈನೋ ಆಮ್ಲ ಮಾತ್ರ ಹಾಗೇ ಇತ್ತು. ಇಂಥದ್ದಕ್ಕೇ ಸೈಲೆಂಟ್ ಮ್ಯುಟೇಶನ್ ಅನ್ನುವುದು. ನನಗಿದ್ದ ಅನುಮಾನ ಸ್ಪ್ಲೈಸಿಂಗ್ ಮೇಲೆ, ಅಂದರೆ ಆರ್‌ಎನ್‌ಎ ಪ್ರತಿಯಲ್ಲಿ ಬೇಡದ ತುಂಡು ಕತ್ತರಿಸಿ ಬೇಕಾದ ತುಂಡುಗಳನ್ನು (ಎಕ್ಸಾನ್) ಜೋಡಿಸುವ ಕೆಲಸದ ಮೇಲೆ. ಅಮೈನೋ ಆಮ್ಲ ಬದಲಾಗಿಲ್ಲ, ಇದರ ಹಿಂದೆ ಯಾಕೆ ಬಿದ್ದಿದ್ದೀರಿ ಅಂತ ಎಲ್ಲರೂ ಕೇಳಿದ್ದೇ. ಆರ್‌ಎನ್‌ಎ ಎಷ್ಟಿದೆ ಅಂತ ಅಳೆಯುವ ಕ್ಯೂಪಿಸಿಆರ್ ಕೂಡ ಅವರ ಪರವಾಗಿಯೇ ಇತ್ತು. ರೋಗಿಯ ಕೋಶಗಳಲ್ಲಿ ಆ ಜೀನಿನ ಒಟ್ಟು ಎಂಆರ್‌ಎನ್‌ಎ ಹತ್ತಿಪ್ಪತ್ತು ಪರ್ಸೆಂಟ್ ಕಡಿಮೆ ಕಂಡರೂ ಅಷ್ಟು ಏರುಪೇರು ಕ್ಯೂಪಿಸಿಆರ್‌ನಲ್ಲಿ ಯಾವಾಗಲೂ ಇದ್ದದ್ದೇ ಅಲ್ವಾ?

ನನ್ನ ಧೈರ್ಯಕ್ಕೆ ಕಾರಣ ಎಸ್‌ಎಂಎನ್2 ಅನ್ನುವ ಜೀನ್, ಎಸ್‌ಎಂಎನ್1ರ ಹೆಚ್ಚುಕಡಿಮೆ ತದ್ರೂಪ. ಅದರ ಏಳನೇ ಎಕ್ಸಾನಿನ 6ನೇ ಜಾಗದಲ್ಲಿ ಸಿ ಬದಲು ಟಿ ಇದೆ, ಅಷ್ಟೇ. ಫೀನೈಲ್‌ಅಲನಿನ್ ಅನ್ನುವ ಅಮೈನೋ ಆಮ್ಲ ಹಾಗೇ ಉಳಿಯುತ್ತದೆ. ಆದರೂ 54 ಅಕ್ಷರದ ಆ ಎಕ್ಸಾನ್ ಬಹುಪಾಲು ಬಿಟ್ಟುಹೋಗುತ್ತದೆ. ಎಸ್‌ಎಂಎನ್1 ಜೀನ್ ಕೆಟ್ಟು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ (ಸ್ನಾಯು ಸೊರಗುವ ಕಾಯಿಲೆ) ಬಂದ ಮಕ್ಕಳನ್ನು ಎಸ್‌ಎಂಎನ್2 ಪೂರ್ತಿ ಕಾಪಾಡಲಾರದೆ ಹೋಗುವುದು ಇದಕ್ಕೇ. 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ನುಸಿನರ್ಸೆನ್ ಔಷಧಿ ಮಾಡುವುದೂ ಆ ಎಕ್ಸಾನನ್ನು ಮತ್ತೆ ಒಳಗೆ ತರುವ ಕೆಲಸವನ್ನೇ. ಹಾಗಾಗಿ ಎಸ್‌ಎಂಎನ್2 ಮಿನಿಜೀನನ್ನೇ (ಪ್ಲಾಸ್ಮಿಡ್ ಅನ್ನುವ ಡಿಎನ್‌ಎ ಉಂಗುರದಲ್ಲಿ ಕೂರಿಸಿದ ಜೀನಿನ ತುಂಡು) ಹೋಲಿಸಿ ನೋಡುವ ಕಂಟ್ರೋಲ್ ಮಾಡಿಕೊಂಡೆ. ನಮ್ಮ ಜೀನಿನ ಹೆಸರು ಪೇಪರ್ ಬರುವ ತನಕ ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಆರ್‌ಎನ್‌ಎ ಸೀಕ್ವೆನ್ಸಿಂಗ್ ಕೊಟೇಶನ್ ತರಿಸಿ ನೋಡಿದೆವು. ನಮಗೆ ಬೇಕಾದಷ್ಟು ಸಲ ಓದಿಸಲು ಗ್ರಾಂಟಿನ ಮೂರನೇ ಒಂದು ಪಾಲು ಅದಕ್ಕೇ ಹೋಗುತ್ತಿತ್ತು. ಅಲ್ಲಿಗೆ ಆ ಮಾತು ಮುಗಿಯಿತು. ಉಳಿದದ್ದು ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸಿ ಪ್ರತಿ ಹೆಚ್ಚಿಸುವ ಪಿಸಿಆರ್, ಅದನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್: ಎಕ್ಸಾನ್ ಇದ್ದರೆ ದೊಡ್ಡ ಬ್ಯಾಂಡ್, ಬಿಟ್ಟುಹೋದರೆ ಚಿಕ್ಕ ಬ್ಯಾಂಡ್.

ಲ್ಯಾಬಿನಲ್ಲಿ ಬೆಳೆಸುವ ಎಚ್‌ಇಕೆ 293 ಅನ್ನುವ ಮಾನವ ಕೋಶಗಳಿಗೆ ಮಿನಿಜೀನ್ ಹಾಕಿ ಮಾಮೂಲಿ 35 ಸೈಕಲ್ ಪಿಸಿಆರ್ ಓಡಿಸಿದರೆ ಒಂದೊಂದು ಸಲ ಒಂದೊಂದು ಉತ್ತರ. ಅಷ್ಟು ಹೊತ್ತಿಗೆ ರಿಯಾಕ್ಷನ್ ದಣಿದಿರುತ್ತದೆ, ಚಿಕ್ಕ ಪ್ರಾಡಕ್ಟ್ ಮುಂದೆ ಓಡಿಬಿಟ್ಟಿರುತ್ತದೆ. 24–25ಕ್ಕೆ ಇಳಿಸಿದ ಮೇಲೆ ಎರಡು ಬ್ಯಾಂಡಿನ ಅನುಪಾತ ಒಂದು ಕಡೆ ನಿಂತಿತು. ಬ್ಯಾಂಡ್ ಮಾತ್ರ ಕಣ್ಣಿಗೇ ಕಾಣದಷ್ಟು ಮಂಕು. ಅದಕ್ಕೆ ಪಿಸಿಆರ್ ಶುರುಮಾಡುವ ಚಿಕ್ಕ ಡಿಎನ್‌ಎ ತುಂಡುಗಳಲ್ಲಿ (ಪ್ರೈಮರ್) ಒಂದಕ್ಕೆ ಫ್ಲೋರೊಸೆಂಟ್ ಲೇಬಲ್ ಹಾಕಿಸಿದೆ. ಸಾದಾ ಪ್ರೈಮರ್‌ಗಿಂತ ಹಲವು ಪಟ್ಟು ದುಬಾರಿ ನಿಜ, ಆದರೆ ಒಂದು ಟ್ಯೂಬ್ ವರ್ಷಗಟ್ಟಲೆ ಬರುತ್ತದೆ.

ಆಮೇಲೆ ಎರಡೂ ಬ್ಯಾಂಡಿನ ಮೇಲೆ ಮೂರನೆಯದೊಂದು ಕಾಣಿಸಿಕೊಂಡಿತು. ಹೊಸ ಐಸೊಫಾರ್ಮ್ (ಬೇರೆ ಥರ ಜೋಡಿಸಿದ ಆರ್‌ಎನ್‌ಎ) ಅಂತ ಲ್ಯಾಬಿನಲ್ಲಿ ಸಂಭ್ರಮ. ಕತ್ತರಿಸಿ ಸೀಕ್ವೆನ್ಸ್ ಮಾಡಿಸಿದರೆ ಎಕ್ಸಾನ್ ಇರುವುದೂ ಇಲ್ಲದ್ದೂ ಒಂದಕ್ಕೊಂದು ಅಂಟಿದ ಹೆಟೆರೊಡ್ಯುಪ್ಲೆಕ್ಸ್! ದುಡ್ಡು ದಂಡ. ಪ್ರಾಡಕ್ಟನ್ನು ತೆಳು ಮಾಡಿ, ಹೊಸ ಪ್ರೈಮರ್ ಹಾಕಿ, ಇನ್ನೆರಡು ಮೂರು ಸೈಕಲ್ ಕೊಟ್ಟರೆ ಅದು ಮಾಯ. ರಿವರ್ಸ್ ಪ್ರೈಮರ್ ಪ್ಲಾಸ್ಮಿಡ್ಡಿನ ಭಾಗದಲ್ಲೇ ಕೂರಬೇಕು, ಇಲ್ಲದಿದ್ದರೆ ಕೋಶದ ಸ್ವಂತ ಆರ್‌ಎನ್‌ಎ ಬಂದು ಸೇರುತ್ತದೆ. ಸರಿಯಾಗಿ ಎಲ್ಲಿ ಕೂರಿಸಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಇನ್ನೊಂದು ಪರೀಕ್ಷೆ ಮಾಡಿದೆ. ಕೋಶ ಬೆಳೆಯುವ ಮೀಡಿಯಂ ಹುಳಿಯಾಗಿ ಹಳದಿಗೆ ತಿರುಗಿದ ಪ್ಲೇಟುಗಳಲ್ಲಿ ಎಸ್‌ಎಂಎನ್2ನ ಏಳನೇ ಎಕ್ಸಾನ್ ಇನ್ನೂ ಜಾಸ್ತಿ ಬಿಟ್ಟುಹೋಗುತ್ತಿತ್ತು. ಬೇಕೆಂದೇ ಪಿಎಚ್ ಇಳಿಸಿ ನೋಡಿದರೂ ಅದೇ ಕಥೆ. ಅಂದಿನಿಂದ ಕೋಶ ತುಂಬಿ ತುಳುಕುವ ಪ್ಲೇಟಿನಿಂದ ಆರ್‌ಎನ್‌ಎ ತೆಗೆಯುವುದೇ ಇಲ್ಲ.

ಕೊನೆಗೆ ನಮ್ಮ ಮಿನಿಜೀನಿನಲ್ಲಿ ನಾರ್ಮಲ್ ಅಕ್ಷರ ಇದ್ದಾಗ ಎಕ್ಸಾನ್ ಬಿಟ್ಟದ್ದು ಶೇ 10ರ ಆಸುಪಾಸು, ಬದಲಾದಾಗ 40ರ ಹತ್ತಿರ. ರೋಗಿಯ ಸ್ವಂತ ಕೋಶಗಳಾದ ಫೈಬ್ರೊಬ್ಲಾಸ್ಟಿನಲ್ಲಿ ಮಾತ್ರ ಚಿಕ್ಕ ಬ್ಯಾಂಡ್ ಇದ್ದೂ ಇಲ್ಲದ ಹಾಗೆ. ಈ ಎಕ್ಸಾನಿನ ಉದ್ದ ಮೂರರಿಂದ ಭಾಗವಾಗುವುದಿಲ್ಲ. ಬಿಟ್ಟುಹೋದರೆ ಮೂರು ಮೂರು ಅಕ್ಷರ ಓದುವ ಫ್ರೇಮ್ ತಪ್ಪಿ ನಡುವೆಯೇ ಸ್ಟಾಪ್ ಕೋಡಾನ್ (ಇಲ್ಲಿಗೆ ನಿಲ್ಲಿಸು ಅನ್ನುವ ಗುರುತು) ಬರುತ್ತದೆ, ಅಂಥ ಆರ್‌ಎನ್‌ಎಯನ್ನು ಕೋಶವೇ ಚೂರು ಮಾಡಿಬಿಡುತ್ತದೆ. ಪ್ರೋಟೀನ್ ತಯಾರಿ ನಿಲ್ಲಿಸಿ ಹೀಗೆ ಚೂರು ಮಾಡುವುದನ್ನೂ ತಡೆಯುವ ಸೈಕ್ಲೊಹೆಕ್ಸಿಮೈಡನ್ನು ನಾಲ್ಕೈದು ಗಂಟೆ ಕೊಟ್ಟೆ. ಚಿಕ್ಕ ಬ್ಯಾಂಡ್ ಎದ್ದು ಬಂತು. ಆ ಜೆಲ್ ಫೋಟೊ ನೋಡಿದ ಮೇಲೆ ಯಾರೂ ಸೈಲೆಂಟ್ ಅನ್ನಲಿಲ್ಲ. ಈಗ ಆ ಜಾಗಕ್ಕೆ ಅಂಟುವ ಆ್ಯಂಟಿಸೆನ್ಸ್ ಆಲಿಗೊ (ನುಸಿನರ್ಸೆನ್ ಥರದ ಚಿಕ್ಕ ತುಂಡು) ಆರ್ಡರ್ ಮಾಡಲು ದುಡ್ಡು ಕೇಳಿದ್ದೇನೆ, ಈ ಸಲ ಯಾರೂ ತಕರಾರು ತೆಗೆದಿಲ್ಲ.