ಮಲೇಷ್ಯಾದಲ್ಲಿ ಗಂಡನೋ ಹೆಂಡತಿಯೋ ಇಸ್ಲಾಂಗೆ ಸೇರಿದಾಗ: ಇನ್ನೊಬ್ಬರು ಮಾಡಬೇಕಾದ್ದು

ಮಲೇಷ್ಯಾದಲ್ಲಿ ಸಂಸಾರಕ್ಕೆ ಎರಡು ಕಾನೂನುಗಳಿವೆ. ಮುಸ್ಲಿಮೇತರರಿಗೆ 1976ರ ವಿವಾಹ ಮತ್ತು ವಿಚ್ಛೇದನ ಕಾಯ್ದೆ, ಸಿವಿಲ್ ಹೈಕೋರ್ಟು. ಮುಸ್ಲಿಮರಿಗೆ ಆಯಾ ರಾಜ್ಯದ ಷರಿಯಾ ಕಾನೂನು, ಷರಿಯಾ ಕೋರ್ಟು. ಷರಿಯಾ ಕೋರ್ಟಿನ ವ್ಯಾಪ್ತಿಗೆ ಬರುವ ವಿಷಯಗಳಲ್ಲಿ ಸಿವಿಲ್ ಕೋರ್ಟುಗಳಿಗೆ ಅಧಿಕಾರವಿಲ್ಲ ಎಂದು ಸಂವಿಧಾನದ 121(1ಎ) ವಿಧಿ ಹೇಳುತ್ತದೆ. ಇದು 1988ರಲ್ಲಿ ಸೇರಿದ ಮಾತು. ಅಲ್ಲಿಂದೀಚೆಗೆ ಹಿಂದೂ, ಬೌದ್ಧ, ಕ್ರೈಸ್ತ ದಂಪತಿಯಲ್ಲಿ ಒಬ್ಬರು ಇಸ್ಲಾಂಗೆ ಸೇರಿದರೆ ಒಂದೇ ಮನೆಯ ಮೇಲೆ ಎರಡು ಕೋರ್ಟುಗಳ ಕಣ್ಣು ಬೀಳುತ್ತದೆ. ಸೇರುವುದು ಬಿಡುವುದು ಅವರವರ ಮನಸ್ಸಿಗೆ ಬಿಟ್ಟದ್ದು, ಅದರ ಬಗ್ಗೆ ಇಲ್ಲಿ ತಕರಾರಿಲ್ಲ. ಸೇರದೆ ಉಳಿದವರ ಮತ್ತು ಮಕ್ಕಳ ಪಾಡು ಬೀದಿಗೆ ಬರಬಾರದು ಎಂಬುದಷ್ಟೇ ಕಾಳಜಿ.

ಮೊದಲ ವಾರದ ಕೆಲಸವೆಲ್ಲ ಕಾಗದದ್ದು. ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪತ್ರ, ಎಲ್ಲರ ಗುರುತಿನ ಚೀಟಿ ಮತ್ತು ಪಾಸ್‌ಪೋರ್ಟ್, ಮನೆ ಸಾಲದ ಕಾಗದ, ಬ್ಯಾಂಕ್ ವಿವರ ಇವುಗಳ ದೃಢೀಕೃತ ನಕಲು ಮಾಡಿಸಿ ಮನೆಯಿಂದ ಹೊರಗೆ, ನಂಬಿಕೆಯವರ ಹತ್ತಿರ ಇಡಿ. ಮದುವೆ ಮತ್ತು ಜನನ ಪತ್ರ ಕಳೆದಿದ್ದರೆ ರಾಷ್ಟ್ರೀಯ ನೋಂದಣಿ ಇಲಾಖೆಯಲ್ಲಿ, ಅಂದರೆ ಜನ ಜೆಪಿಎನ್ ಎನ್ನುವ ಕಚೇರಿಯಲ್ಲಿ, ನಕಲು ಸಿಗುತ್ತದೆ. 1982ರ ಮಾರ್ಚ್ 1ರಿಂದ ಮುಸ್ಲಿಮೇತರರ ಮದುವೆಗೆ ನೋಂದಣಿ ಕಡ್ಡಾಯ. ದೇವಸ್ಥಾನದಲ್ಲಿ ತಾಳಿ ಕಟ್ಟಿ ನೋಂದಣಿ ಬಿಟ್ಟವರಿಗೆ ಇಲ್ಲಿಯೇ ಮೊದಲ ತೊಡಕು, ಅದನ್ನು ವಕೀಲರಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ.

ಆಮೇಲೆ ಮತಾಂತರದ ತಾರೀಖು ಗೊತ್ತುಮಾಡಿಕೊಳ್ಳಿ. ಇಸ್ಲಾಂಗೆ ಸೇರಿದವರ ಹೆಸರು ರಾಜ್ಯದ ಧಾರ್ಮಿಕ ಇಲಾಖೆಯ ದಾಖಲೆಗೆ ಹೋಗುತ್ತದೆ, ಪ್ರಮಾಣಪತ್ರ ಕೊಡುತ್ತಾರೆ. ಮುಸ್ಲಿಮರ ಮೈಕಾಡ್‌ನ, ಅಂದರೆ ಅಲ್ಲಿನ ಗುರುತಿನ ಚೀಟಿಯ, ಮುಂಬದಿಯಲ್ಲಿ ‘ಇಸ್ಲಾಂ’ ಎಂದು ಅಚ್ಚಾಗಿರುತ್ತದೆ, ಉಳಿದವರ ಕಾರ್ಡಿನಲ್ಲಿ ಧರ್ಮದ ಹೆಸರು ಹಾಗೆ ಕಾಣುವುದಿಲ್ಲ. ಎಷ್ಟೋ ಮನೆಗಳಲ್ಲಿ ಸುದ್ದಿ ಹೊರಬೀಳುವುದು ಹೀಗೆ ಕಾರ್ಡು ಕಣ್ಣಿಗೆ ಬಿದ್ದಾಗಲೇ. ತಾರೀಖು ಏಕೆ ಮುಖ್ಯ ಎಂದರೆ, ಆಸ್ತಿಯ ಲೆಕ್ಕ, ಮಕ್ಕಳ ಒಪ್ಪಿಗೆಯ ಪ್ರಶ್ನೆ, ವಿಚ್ಛೇದನದ ಕಾರಣ ಮೂರೂ ಅದರ ಮೇಲೆ ನಿಲ್ಲುತ್ತವೆ.

ಮತಾಂತರವಾದ ಮಾತ್ರಕ್ಕೆ ನಿಮ್ಮ ಸಿವಿಲ್ ಮದುವೆ ಮುರಿಯುವುದಿಲ್ಲ. ಅವರು ಷರಿಯಾ ಕೋರ್ಟಿನಿಂದ ಬಿಡುಗಡೆಯ ಆದೇಶ ತಂದರೂ ಸಿವಿಲ್ ಕಾನೂನಿನ ಲೆಕ್ಕದಲ್ಲಿ ಮದುವೆ ಹಾಗೆಯೇ ಇರುತ್ತದೆ. ಷರಿಯಾ ಕೋರ್ಟಿನ ಅಧಿಕಾರ ಇಸ್ಲಾಂ ಧರ್ಮದವರ ಮೇಲೆ ಮಾತ್ರ ಎಂದು ಸಂವಿಧಾನದ ಒಂಬತ್ತನೇ ಅನುಸೂಚಿ ಹೇಳುತ್ತದೆ. ಅಲ್ಲಿಂದ ನಿಮಗೆ ಕಾಗದ ಬಂದರೆ ಹರಿದು ಬಿಸಾಡಬೇಡಿ, ತಾವಾಗಿ ಹೋಗಿ ಸಹಿಯನ್ನೂ ಹಾಕಬೇಡಿ. ಅದೇ ದಿನ ಸಿವಿಲ್ ಕುಟುಂಬ ವಕೀಲರ ಕೈಗೆ ಕೊಡಿ. ಹಣಕ್ಕೆ ತೊಂದರೆಯಿದ್ದರೆ ವಕೀಲರ ಸಂಘದ ಕಾನೂನು ನೆರವು ಕೇಂದ್ರಗಳಿವೆ.

ವಿಚ್ಛೇದನ ಬೇಕಾದರೆ ಕಾಯ್ದೆಯ 51ನೇ ಕಲಂ ನೋಡಿ. ಮೊದಲು ಈ ಕಲಂ ಕೆಳಗೆ ಮತಾಂತರವಾಗದೆ ಉಳಿದವರಷ್ಟೇ ಅರ್ಜಿ ಹಾಕಬಹುದಿತ್ತು. 2018ರ ಡಿಸೆಂಬರ್ 15ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಇಬ್ಬರಲ್ಲಿ ಯಾರು ಬೇಕಾದರೂ ಹೈಕೋರ್ಟಿಗೆ ಹೋಗಬಹುದು. ಸಾಮಾನ್ಯ ಒಂಟಿ ಅರ್ಜಿಗೆ ಮೊದಲು ಜೆಪಿಎನ್‌ನ ಸಂಧಾನ ಮಂಡಳಿಗೆ ಹೋಗಬೇಕು, ಅದರಲ್ಲೇ ತಿಂಗಳುಗಳು ಕಳೆಯುತ್ತವೆ. 51ನೇ ಕಲಂ ಅರ್ಜಿಗೆ ಈ ಸುತ್ತು ಬೇಡ. ಜೀವನಾಂಶ, ಆಸ್ತಿ ಹಂಚಿಕೆ, ಮಕ್ಕಳ ಸುಪರ್ದಿ ಮೂರನ್ನೂ ಅದೇ ಅರ್ಜಿಯಲ್ಲಿ ಕೇಳಿ. ಮೊದಲ ಡಿಕ್ರಿ ಬಂದು ಮೂರು ತಿಂಗಳು ಕಳೆದು ಅದು ಅಂತಿಮವಾಗುವ ತನಕ ಮರುಮದುವೆಯ ಮಾತೆತ್ತಬೇಡಿ.

ಎಲ್ಲಕ್ಕಿಂತ ಅವಸರದ್ದು ಮಕ್ಕಳ ವಿಷಯ. ಇಂದಿರಾ ಗಾಂಧಿ ಎಂಬ ತಾಯಿಯ ಮೂವರು ಮಕ್ಕಳನ್ನು 2009ರಲ್ಲಿ ಅವರ ಗಂಡ ಆಕೆಗೆ ತಿಳಿಸದೆ ಇಸ್ಲಾಂಗೆ ಸೇರಿಸಿದರು. ಕೊನೆಯ ಮಗಳಿಗೆ ಆಗ 11 ತಿಂಗಳು, ಆ ಕೂಸನ್ನು ಎತ್ತಿಕೊಂಡು ಹೋದರು. 2018ರ ಜನವರಿ 29ರಂದು ದೇಶದ ಅತ್ಯುನ್ನತ ನ್ಯಾಯಾಲಯವಾದ ಫೆಡರಲ್ ಕೋರ್ಟು ಮಕ್ಕಳ ಮತಾಂತರ ಪತ್ರಗಳನ್ನು ರದ್ದುಮಾಡಿತು. ಸಿವಿಲ್ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ತಂದೆ, ತಾಯಿ ಇಬ್ಬರ ಒಪ್ಪಿಗೆಯೂ ಬೇಕು ಎಂದಿತು. ವಾದವೆಲ್ಲ ಸುತ್ತಿದ್ದು ಒಂದು ಪದದ ಮೇಲೆ. ಸಂವಿಧಾನದ 12(4) ವಿಧಿಯ ಮಲಯ ಪಾಠದಲ್ಲಿ ‘ಇಬು ಅತಾವ್ ಬಾಪಾ’, ಅಂದರೆ ‘ತಾಯಿ ಅಥವಾ ತಂದೆ’ ಎಂದಿದೆ, ಆ ‘ಅಥವಾ’ವನ್ನು ಒಬ್ಬರು ಸಾಕು ಎಂದು ಓದಬಾರದು ಎಂಬುದು ತೀರ್ಪಿನ ಸಾರ. ಆದರೆ ತೀರ್ಪು ಬಂದ ಮೇಲೂ ಆ ತಾಯಿ ಮಗಳಿಗಾಗಿ ವರ್ಷಗಟ್ಟಲೆ ಅಲೆದರು. ಪರ್ಲಿಸ್ ರಾಜ್ಯದಲ್ಲಿ ಲೊ ಸಿಯೂ ಹಾಂಗ್ ಎಂಬ ತಾಯಿಯ ಮೂವರು ಮಕ್ಕಳ ಮತಾಂತರವನ್ನೂ ಮೇಲ್ಮನವಿ ಕೋರ್ಟು 2024ರ ಜನವರಿಯಲ್ಲಿ ರದ್ದುಮಾಡಿತು, ಅದೇ ಮೇ ತಿಂಗಳಲ್ಲಿ ಫೆಡರಲ್ ಕೋರ್ಟು ರಾಜ್ಯದ ಕಡೆಯವರಿಗೆ ಮುಂದಿನ ಮೇಲ್ಮನವಿಗೆ ಅನುಮತಿ ಕೊಡಲಿಲ್ಲ.

ಇದರಿಂದ ಕಲಿಯಬೇಕಾದ್ದು: ಮಕ್ಕಳ ಮತಾಂತರಕ್ಕೆ ನಿಮ್ಮ ಒಪ್ಪಿಗೆ ಇಲ್ಲವೆಂದು ವಕೀಲರ ಮೂಲಕ ಸಂಗಾತಿಗೂ ರಾಜ್ಯದ ಧಾರ್ಮಿಕ ಇಲಾಖೆಗೂ ಲಿಖಿತವಾಗಿ ತಿಳಿಸಿ, ತಲುಪಿದ್ದಕ್ಕೆ ಮೊಹರು ಹಾಕಿಸಿಕೊಳ್ಳಿ. ತಡಮಾಡದೆ ಹೈಕೋರ್ಟಿನಿಂದ ಮಧ್ಯಂತರ ಸುಪರ್ದಿ, ಜೊತೆಗೆ 1976ರ ಕಾಯ್ದೆಯ 101ನೇ ಕಲಂ ಪ್ರಕಾರ ಮಗುವನ್ನು ದೇಶ ಬಿಟ್ಟು ಒಯ್ಯದಂತೆ ತಡೆ ಕೇಳಿ. ಏಳು ವರ್ಷದೊಳಗಿನ ಮಗು ತಾಯಿಯ ಬಳಿ ಇರುವುದು ಒಳ್ಳೆಯದು ಎಂದು 88ನೇ ಕಲಂ ಭಾವಿಸುತ್ತದೆ, ಅದು ಸಾಕ್ಷ್ಯ ಕೊಟ್ಟು ಅಲ್ಲಗಳೆಯಬಹುದಾದ ಊಹೆ ಎಂಬುದು ನೆನಪಿರಲಿ. ಆದೇಶದ ನಕಲು ಶಾಲೆಯ ಮುಖ್ಯೋಪಾಧ್ಯಾಯರಿಗೆ, ಹತ್ತಿರದ ಪೊಲೀಸ್ ಠಾಣೆಗೆ ಕೊಡಿ. ತಡವಾದರೆ ಮತಾಂತರಗೊಂಡವರು ಷರಿಯಾ ಕೋರ್ಟಿನ ಸುಪರ್ದಿ ಆದೇಶ ಹಿಡಿದು ಬರುತ್ತಾರೆ, ಆಗ ಪೊಲೀಸರು ಎರಡು ಆದೇಶ ಇವೆ ಎಂದು ಕೈಕಟ್ಟಿ ಕೂರುವ ಸಂಭವ ಇದೆ. ಇಂದಿರಾ ಅವರಿಗೆ ಆದದ್ದೂ ಅದೇ.

ನೋವಿನಲ್ಲಿ ಫೇಸ್‌ಬುಕ್ಕಿಗೆ ಏರಿಸುವ ಮಾತು ಮುಳುವಾಗುತ್ತದೆ. ಜನಾಂಗ, ಧರ್ಮ, ರಾಜಮನೆತನ ಮೂರನ್ನೂ ಅಲ್ಲಿ ‘3ಆರ್’ (ರೇಸ್, ರಿಲಿಜನ್, ರಾಯಲ್ಟಿ) ಎನ್ನುತ್ತಾರೆ. 1948ರ ರಾಜದ್ರೋಹ ಕಾಯ್ದೆ, 1998ರ ಸಂವಹನ ಕಾಯ್ದೆಯ 233ನೇ ಕಲಂ ಎರಡೂ ಪೋಸ್ಟುಗಳ ಮೇಲೆ ಬೀಳಬಲ್ಲವು. ದೂರು ಬರೆಯುವಾಗ ತಾರೀಖು, ಕಚೇರಿ, ಆದದ್ದೇನು ಇಷ್ಟೇ ಇರಲಿ. ಧರ್ಮದ ಮೇಲೆ ಒಂದು ಪದವೂ ಬೇಡ. ಮಲಯ ನೆರೆಹೊರೆಯವರಲ್ಲಿ ನಿಮ್ಮ ಪರ ಸಾಕ್ಷಿ ಹೇಳುವವರು ಇರಬಹುದು, ಅವರನ್ನು ದೂರಮಾಡಿಕೊಳ್ಳಬೇಡಿ.

ಹಣದ ವಿಷಯ ಮುಂದೂಡಬೇಡಿ. ಇಸ್ಲಾಮಿಕ್ ಉತ್ತರಾಧಿಕಾರದಲ್ಲಿ ಮುಸ್ಲಿಮೇತರ ಬಂಧುಗಳಿಗೆ ಪಾಲಿಲ್ಲ. ಭವಿಷ್ಯ ನಿಧಿಯಲ್ಲಿ ಮುಸ್ಲಿಮೇತರರ ನಾಮಿನಿ ಹಣಕ್ಕೆ ತಾನೇ ಒಡೆಯ, ಮುಸ್ಲಿಮರ ನಾಮಿನಿಯಾದರೋ ಹಣ ಪಡೆದು ವಾರಸುದಾರರಿಗೆ ಹಂಚುವವನಷ್ಟೇ. ಹೆಸರು ನನ್ನದೇ ಇದೆ ಎಂದು ನಿಶ್ಚಿಂತೆಯಾಗಿ ಕೂತವರು ಎಡವುವುದು ಇಲ್ಲಿ. ಮದುವೆ ರದ್ದಾಗುವ ಮೊದಲೇ ಮತಾಂತರಗೊಂಡವರು ತೀರಿಕೊಂಡರೆ, ಹೊಸ 51ಎ ಕಲಂ ಪ್ರಕಾರ ಸಂಗಾತಿ, ಮಕ್ಕಳು, ತಂದೆತಾಯಿಗೆ ಪಾಲು ಕೊಡುವಂತೆ ಕೋರ್ಟಿಗೆ ಅರ್ಜಿ ಹಾಕಬಹುದು. ನೀವು ಮನೆಗೆ ಹಾಕಿದ ಹಣದ ರಸೀದಿಗಳು ಆಗ ಕೆಲಸಕ್ಕೆ ಬರುತ್ತವೆ.

ಸಂಗಾತಿ ತೀರಿಹೋದ ಮೇಲೆ ಮತಾಂತರದ ಸುದ್ದಿ ಬರುವುದೂ ಉಂಟು. ಮಲೇಷ್ಯಾದ ಎವರೆಸ್ಟ್ ತಂಡದಲ್ಲಿದ್ದ ಎಂ. ಮೂರ್ತಿ 2005ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರು ಮುಸ್ಲಿಮರಾಗಿದ್ದರು ಎಂದು ಧಾರ್ಮಿಕ ಇಲಾಖೆ ಹೇಳಿತು. ಹಿಂದೂವಾಗಿಯೇ ಇದ್ದರು ಎಂದ ಹೆಂಡತಿಯ ಅರ್ಜಿ ಕೇಳಲು ತನಗೆ ಅಧಿಕಾರವಿಲ್ಲ ಎಂದು ಹೈಕೋರ್ಟು ಹೇಳಿತು, ಅವರನ್ನು ಇಸ್ಲಾಂ ಪದ್ಧತಿಯಂತೆ ಮಣ್ಣು ಮಾಡಿದರು. ಅನುಮಾನವಿದ್ದರೆ ಬದುಕಿರುವಾಗಲೇ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ.

ಕರ್ನಾಟಕದಲ್ಲಿ ಮದುವೆಯಾಗಿ ಕೆಲಸಕ್ಕೆಂದು ಅಲ್ಲಿಗೆ ಹೋದ ದಂಪತಿಗೆ ಇನ್ನೊಂದು ದಾರಿ ಇದೆ. ಹಿಂದೂ ವಿವಾಹ ಕಾಯ್ದೆಯ 13(1)(ii) ಪ್ರಕಾರ ಸಂಗಾತಿ ಬೇರೆ ಧರ್ಮಕ್ಕೆ ಹೋದದ್ದು ವಿಚ್ಛೇದನಕ್ಕೆ ಕಾರಣ. ಮತಾಂತರಗೊಂಡು ಎರಡನೇ ಮದುವೆಯಾದರೂ ಮೊದಲ ಮದುವೆ ಅಳಿಯದು ಎಂದು 1995ರ ಸರಳಾ ಮುದ್ಗಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮಲೇಷ್ಯಾದ ಕೋರ್ಟಿಗೇ ಹೋಗಬೇಕೆಂದರೆ ಸಾಮಾನ್ಯವಾಗಿ ಇಬ್ಬರೂ ಅಲ್ಲಿಯೇ ಕಾಯಂ ನೆಲೆ ನಿಂತವರಾಗಿರಬೇಕು. ಹೆಂಡತಿಗೆ ಮಾತ್ರ ವಿನಾಯಿತಿ ಇದೆ: ಅರ್ಜಿಗೆ ಮುಂಚಿನ ಎರಡು ವರ್ಷ ಸತತವಾಗಿ ಅಲ್ಲಿ ವಾಸವಿದ್ದರೆ ಸಾಕು. ಅದಕ್ಕಾಗಿ ವೀಸಾ ಪುಟಗಳು, ಬಾಡಿಗೆ ಕರಾರು, ವಿದ್ಯುತ್ ಬಿಲ್ಲುಗಳನ್ನು ತಿಂಗಳುವಾರು ಜೋಡಿಸಿ ಇಟ್ಟುಕೊಳ್ಳಿ.