ಖಡಕ್ ರೊಟ್ಟಿ ಮತ್ತು 26 ಗ್ರೇ

ನಾನು ಬೆಳಗಾವಿಯಲ್ಲಿ ಕ್ಯಾನ್ಸರಿಗೆ ಕಿರಣ ಕೊಡುವ ಕಡೆ ರೇಡಿಯೇಷನ್ ಫಿಸಿಸಿಸ್ಟ್. ಗಡ್ಡೆ ಎಲ್ಲಿದೆ, ಎಷ್ಟು ಡೋಸ್ ಬೇಕು ಅನ್ನೋದು ಡಾಕ್ಟರ ಲೆಕ್ಕ. ಕಿರಣ ಯಾವ ಕಡೆಯಿಂದ ಎಷ್ಟು ಬರಬೇಕು ಅನ್ನೋದು ನನ್ನದು. ನಮ್ಮ ಕಡೆ ಜನ ಇದಕ್ಕೆ ‘ಕರೆಂಟ್ ಕೊಡೋದು’ ಅಂತಾರೆ.

ಕೆಲವು ವರ್ಷಗಳ ಹಿಂದೆ ನಿಪ್ಪಾಣಿ ಕಡೆಯ ರೈತರೊಬ್ಬರು ಬಂದಿದ್ದರು. ಬೀಡಿ ತಂಬಾಕು ಬೆಳೆಯುವವರು, ಸೇದುವವರೂ ಹೌದು. ನಾಲಿಗೆಯ ಬುಡದಲ್ಲಿ ಗಡ್ಡೆ. 35 ಸಲ ಕಿರಣ, ಒಟ್ಟು 70 ಗ್ರೇ (ಗ್ರೇ ಅಂದರೆ ಕಿರಣದ ಡೋಸ್ ಅಳೆಯುವ ಮಾನ). ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮುಂದ ರೊಟ್ಟಿ ತಿನ್ನಾಕ ಬರತೈತಲ್ರಿ?’ ನಾನು ಹಿಂದೆಮುಂದೆ ನೋಡದೆ ಹೂಂ ಎಂದೆ.

ಆ ಧೈರ್ಯ ಸುಮ್ನೆ ಬಂದದ್ದಲ್ಲ. ರೊಟ್ಟಿ ಇಳಿಯಲು ಜೊಲ್ಲು ಬೇಕು. ಕಿವಿಯ ಮುಂದೆ, ಕೆಳಗೆ ಇರುವ ಪರೋಟಿಡ್ ಅನ್ನೋ ಜೊಲ್ಲು ಗ್ರಂಥಿಗೆ ಸರಾಸರಿ 26 ಗ್ರೇ ಒಳಗೆ ಬಿದ್ದರೆ ಜೊಲ್ಲು ಕೆಲವು ತಿಂಗಳಲ್ಲಿ ಮೆಲ್ಲಗೆ ವಾಪಸ್ ಬರುತ್ತದೆ. ಹಳೆ ಪದ್ಧತಿಯಲ್ಲಿ ಎರಡು ಪಕ್ಕದಿಂದ ಎದುರುಬದುರು ಕಿರಣ ಬಿಡುತ್ತಿದ್ದರು, ಎರಡೂ ಗ್ರಂಥಿ ದಾರಿಯಲ್ಲೇ ಸಿಕ್ಕಿ ಹಾಳಾಗುತ್ತಿದ್ದವು. ಐಎಂಆರ್‌ಟಿ ಅನ್ನೋ ಹೊಸ ಪದ್ಧತಿಯಲ್ಲಿ ಹಲವು ಕೋನದಿಂದ ಬಿಡುತ್ತೇವೆ, ಗ್ರಂಥಿ ಎದುರಿಗೆ ಬಂದ ಕಡೆ ಮಶೀನಿನ ಟಂಗ್‌ಸ್ಟನ್ ಎಲೆಗಳು ಮುಚ್ಚಿಕೊಳ್ಳುತ್ತವೆ. 2011ರಲ್ಲಿ ಬಂದ ಬ್ರಿಟನ್ನಿನ ಪಾರ್ಸ್‌ಪೋರ್ಟ್ ಅಧ್ಯಯನದಲ್ಲಿ, ವರ್ಷದ ನಂತರವೂ ಊಟಕ್ಕೆ ತೊಂದರೆ ಆಗುವಷ್ಟು ಬಾಯಿ ಒಣಗಿದವರು ಹಳೆ ಪದ್ಧತಿಯಲ್ಲಿ ಶೇ. 74, ಐಎಂಆರ್‌ಟಿಯಲ್ಲಿ ಶೇ. 38.

ಇವರ ಪ್ಲಾನಿನಲ್ಲಿ, ಅಂದರೆ ನಾನು ಹಾಕಿದ ಕಿರಣದ ಲೆಕ್ಕದಲ್ಲಿ, ಬಲ ಪರೋಟಿಡ್ 24 ಗ್ರೇಗೆ ಇಳಿಯಿತು. ಎಡಗಡೆ ಕ್ಯಾನ್ಸರಿನ ಗಂಟು ಪರೋಟಿಡ್‌ಗೆ ತೀರಾ ಹತ್ತಿರ ಇತ್ತು, ಆ ಕಡೆಯ ಆಸೆ ಬಿಟ್ಟೆ. ಜೊಲ್ಲು ಉಳಿಸಲು ಹೋಗಿ ಗಡ್ಡೆಗೆ ಡೋಸ್ ಕಡಿಮೆ ಕೊಟ್ಟರೆ ಏನು ಬಂತು? 24 ನೋಡಿ ಬೀಗಿದ್ದೆ, ಸುಳ್ಳು ಯಾಕೆ ಹೇಳಲಿ.

ನಾಲ್ಕನೇ ವಾರದ ಕೊನೆಗೆ ಒಂದು ದಿನ ಮಶೀನ್ ರೂಮಿಗೆ ಹೋದೆ. ಮೊದಲ ದಿನ ಮುಖಕ್ಕೆ ಚರ್ಮದ ಹಾಗೆ ಅಂಟಿಕೊಂಡಿದ್ದ, ತಲೆ ಅಲ್ಲಾಡದಂತೆ ಹಿಡಿಯುವ ಪ್ಲಾಸ್ಟಿಕ್ ಮಾಸ್ಕಿನೊಳಗೆ, ಕೆನ್ನೆಯ ಹತ್ತಿರ, ನನ್ನ ಎರಡು ಬೆರಳು ಆರಾಮಾಗಿ ಹೋದವು. 58 ಕೆಜಿ ಇದ್ದವರು 51ಕ್ಕೆ ಬಂದಿದ್ದರು, ಗಂಟಲು ಹುಣ್ಣಾಗಿ ಗಂಜಿ ಕೂಡ ಇಳಿಯುತ್ತಿರಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿ ಹಳೆ ಪ್ಲಾನನ್ನು ಅದರ ಮೇಲೆ ಕೂರಿಸಿ ನೋಡಿದೆ. ಪರೋಟಿಡ್ ಕುಗ್ಗಿ ಒಳಗಡೆಗೆ, ಅಂದರೆ ಡೋಸ್ ಜಾಸ್ತಿ ಇರುವ ಕಡೆಗೇ ಸರಿದಿತ್ತು. ಹಾಗೇ ಬಿಟ್ಟಿದ್ದರೆ 24 ಅಲ್ಲ, 29. ಹೊಸ ಮಾಸ್ಕ್, ಹೊಸ ಪ್ಲಾನ್, ಉಳಿದ 12 ಸಲ ಅದರಲ್ಲೇ. ಒಂದು ವಾರ ಮೊದಲೇ ಮಾಡಬೇಕಿತ್ತು. ಈಗ ಪ್ರತಿ ಸೋಮವಾರ ತೂಕ, ಜೊತೆಗೆ ಮಾಸ್ಕಿಗೆ ಬೆರಳು ಹಾಕಿ ನೋಡೋದು. ಮಾಸ್ಕ್ ಸಡಿಲಾಗಿದೆ ಅನಿಸಿದರೆ ಡಾಕ್ಟರಿಗೆ ಹೇಳಿ ಸ್ಕ್ಯಾನ್ ಮಾಡಿಸುತ್ತೇನೆ, ಯಾರು ಗೊಣಗಿದರೂ ಸರಿ.

(ಹಲ್ಲಿನ ಡಾಕ್ಟರ ಹತ್ತಿರ ಮಾತ್ರ ಮಾಸ್ಕ್ ಮಾಡುವ ಮೊದಲೇ ಹೋಗಿ ಬನ್ನಿ. ಕರೆಂಟ್ ಆದಮೇಲೆ ಹಲ್ಲು ಕೀಳಿಸಿದರೆ ದವಡೆ ಮೂಳೆ ಕೊಳೆಯುವ ಭಯ ಇರುತ್ತದೆ.)

ಇನ್ನೊಂದು ತಪ್ಪು ಆರು ತಿಂಗಳಾದ ಮೇಲೆ ಗೊತ್ತಾಯಿತು. ಅವರು ಚೆಕಪ್‌ಗೆ ಬಂದಾಗ ಹೇಳಿದರು: ‘ಹಗಲ ಹೆಂಗೋ ನಡೀತೈತ್ರಿ. ರಾತ್ರಿ ನಾಲಿಗಿ ಅಂಗುಳಕ್ಕ ಅಂಟ್ಕೊಂಡು ಎಚ್ಚರ ಆಗತೈತಿ.’ ಪರೋಟಿಡ್ ಜಾಸ್ತಿ ಕೆಲಸ ಮಾಡೋದು ಅಗಿಯುವಾಗ. ಸುಮ್ಮನಿದ್ದಾಗ, ಮಲಗಿದ್ದಾಗ ಬಾಯಿ ಒದ್ದೆ ಇಡೋದು ಹೆಚ್ಚಾಗಿ ದವಡೆಯ ಕೆಳಗಿನ ಗ್ರಂಥಿ. ನಾನು ಅದಕ್ಕೆ ಪ್ಲಾನಿನಲ್ಲಿ ಮಿತಿಯನ್ನೇ ಹಾಕಿರಲಿಲ್ಲ! ಈಗ ಗಡ್ಡೆ ಇಲ್ಲದ ಕಡೆಯದನ್ನಾದರೂ, ಡಾಕ್ಟರು ಒಪ್ಪಿದರೆ, ಸರಾಸರಿ 39 ಗ್ರೇ ಒಳಗೆ ಇಡಲು ಒದ್ದಾಡುತ್ತೇನೆ. ಪ್ಲಾನಿಗೆ ಗಂಟೆಗಟ್ಟಲೆ ಹೆಚ್ಚು ಹಿಡಿಯುತ್ತದೆ, ಎಲ್ಲರಲ್ಲೂ ಆಗುವುದೂ ಇಲ್ಲ.

ಅವರು ಈಗ ಬಿಸಿ ರೊಟ್ಟಿ, ಎಣ್ಣೆಗಾಯಿ ತಿನ್ನುತ್ತಾರೆ, ಪಕ್ಕದಲ್ಲಿ ನೀರಿನ ತಂಬಿಗೆ ಇರಲೇಬೇಕು. ಖಡಕ್ ರೊಟ್ಟಿಯನ್ನು ಮಾತ್ರ ಮಜ್ಜಿಗೆಯಲ್ಲಿ ಮುರಿದು ನೆನೆಸಬೇಕು. ‘ನೀವು ಹೂಂ ಅಂದಿದ್ರಲ್ರಿ’ ಅಂತ ಬಂದಾಗೆಲ್ಲ ಕಾಲೆಳೆಯುತ್ತಾರೆ. ಅದಾದ ಮೇಲೆ ಯಾರೇ ಆ ಪ್ರಶ್ನೆ ಕೇಳಲಿ, ಬಿಸಿ ರೊಟ್ಟಿಯೋ ಖಡಕ್ಕೋ ಅಂತ ನಾನೇ ಮೊದಲು ಕೇಳಿಕೊಳ್ಳುತ್ತೇನೆ.